ಮಗುವಿನ ಮೇಲಿನ ನುಡಿಯ ಹೊರೆ

ಬೈಲುಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರು ನೆಲೆಸತೊಡಗಿದ್ದು 1960ರ ಸುಮಾರಿಗೆ. ಅಂದು ಬಂದವರ ಮೊಮ್ಮಕ್ಕಳು, ಮರಿಮಕ್ಕಳಿಗೆ ಮನೆಯಲ್ಲಿ ಟಿಬೆಟನ್, ಮೇಲಿನ ತರಗತಿಗಳಲ್ಲಿ ಇಂಗ್ಲಿಷು, ಕುಶಾಲನಗರದ ಅಂಗಡಿಗೆ ಹೋದರೆ ಕನ್ನಡ. ಇಷ್ಟರ ನಡುವೆ ಎಳೆಯ ಬುದ್ಧಿ ಗೊಂದಲಕ್ಕೀಡಾಗದೆ ಎಂದು ಕೇಳುವವರುಂಟು. ಮಂಗಳೂರಿನ ಕೊಂಕಣಿ ಮನೆಗಳ ಮಕ್ಕಳು ಎಂದು ಗೊಂದಲಪಟ್ಟರು? ತೊಡಕಿರುವುದು ಬೇರೆ ಕಡೆ.

ಅಂಗಳದ ಆಟದ ಮಾತು ಎರಡು ವರ್ಷಗಳಲ್ಲಿ ಬರುತ್ತದೆ. ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕೆಂದು ಕೆನಡಾದ ವಲಸೆಗಾರರ ಮಕ್ಕಳನ್ನು ಕುರಿತು ಜಿಮ್ ಕಮಿನ್ಸ್ 1980ರ ಆಸುಪಾಸಿನಲ್ಲಿ ತೋರಿಸಿದರು. ಮಾತಿನ ಚುರುಕಿಗೆ ಮೋಸಹೋದ ಉಪಾಧ್ಯಾಯರು, ಲೆಕ್ಕ ತಪ್ಪಿದೊಡನೆ ಹುಡುಗನನ್ನು ದಡ್ಡನೆನ್ನುತ್ತಾರೆ. ಓದು ನಡುವೆ ಕಡಿದುಹೋಗಿ, ಬರುವ ದಾರಿಯಲ್ಲಿ ಹೆದರಿದ ಮಗುವಾದರೆ ಇನ್ನೂ ತಡ. ಮನೆಮಾತು ಗಟ್ಟಿಯಿದ್ದರೆ ಎರಡನೆಯದು ಅದರ ಮೇಲೆ ನಿಲ್ಲುತ್ತದೆ. ಟಿಬೆಟನ್ ಶಾಲೆಗಳು ಕೆಳ ತರಗತಿಗಳನ್ನು ತಮ್ಮ ನುಡಿಗೆ ತಿರುಗಿಸಿಕೊಂಡದ್ದು ವಿವೇಕದ ಕೆಲಸವೇ ಸರಿ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಳೆದುಹೋದ ನಾಡಿನ ಭಾಷೆಯನ್ನು ಉಳಿಸುವ ಹೊರೆಯನ್ನು ಆ ನಾಡನ್ನೇ ಕಾಣದ ಮಗುವಿನ ಮೇಲೆ ಹೊರಿಸುವುದು ನ್ಯಾಯವೇ? ಹಿರಿಯರಿಗೆ ಅದು ಕರ್ತವ್ಯ. ಬರಿಯ ಕರ್ತವ್ಯವೆಂದು ಕಲಿತ ಭಾಷೆಯಲ್ಲಿ ಮಗು ಹಟಮಾಡಲಾರದು. ಅಜ್ಜಿಯ ಬೈಗುಳ ತಿಳಿಯಬೇಕು, ತಿರುಗಿ ಉತ್ತರಿಸುವಷ್ಟು ಮಾತು ಬರಬೇಕು. ಇಷ್ಟನ್ನು ನಾಡಿಗಾಗಿ ಅಲ್ಲ, ಮಗುವಿಗಾಗಿಯೇ ಬಯಸಬಹುದು.

ಇದರಲ್ಲಿ ನಮ್ಮದೂ ಒಂದು ಪಾಲಿದೆ. ಆ ಹುಡುಗ ಕನ್ನಡವಾಡಿದರೆ ಬೆನ್ನು ತಟ್ಟುತ್ತೇವೆ. ಬಸ್ಸಿನಲ್ಲಿ ತಾಯಿಯೊಡನೆ ತನ್ನ ನುಡಿಯಲ್ಲಿ ಮಾತಾಡಿದರೆ ತಿರುಗಿ ನೋಡುತ್ತೇವೆ. ನೋಟ ಅವನಿಗೆ ಅರ್ಥವಾಗುತ್ತದೆ. ಮುಂದಿನ ಸಲ ದನಿ ತಗ್ಗಿಸುತ್ತಾನೆ.