ಹಿಂದಿನ ಸೀಟಿನ ಘನತೆ

ಒಬ್ಬ ಮನುಷ್ಯ ತಾನು ದುಡಿದ ಹಣದಲ್ಲಿ ತನಗಿಷ್ಟವಾದ ಕಾರನ್ನು ಕೊಂಡರೆ ಅದನ್ನು ಪ್ರಶ್ನಿಸುವ ಹಕ್ಕು ಇತರರಿಗಿದೆಯೇ? ಮೇಲುನೋಟಕ್ಕೆ ಇದು ಸುಲಭದ ಪ್ರಶ್ನೆ. ಇಲ್ಲ ಎಂದುಬಿಟ್ಟರೆ ಮಾತು ಮುಗಿಯಿತು. ಆದರೆ ಬೀದರ, ಭಾಲ್ಕಿ, ಔರಾದಗಳಂಥ ಊರುಗಳಲ್ಲಿ ಬದುಕುವ ನಮಗೆ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. ಬೀದರದ ಕೆಎ 38, ಭಾಲ್ಕಿಯ ಕೆಎ 39 ಸಂಖ್ಯೆ ಹೊತ್ತ ವಾಹನಗಳಲ್ಲಿ ಮೂರು ಮೊನೆಯ ನಕ್ಷತ್ರವೋ, ಒಂದಕ್ಕೊಂದು ಹೆಣೆದ ನಾಲ್ಕು ಉಂಗುರಗಳೋ ಕಣ್ಣಿಗೆ ಬಿದ್ದರೆ ರಸ್ತೆಯ ಬದಿಯಲ್ಲಿ ನಿಂತವರು ಈಗಲೂ ತಿರುಗಿ ನೋಡುತ್ತಾರೆ. ಆ ನೋಟದಲ್ಲಿ ಮೆಚ್ಚುಗೆ ಇದೆ, ಆಸೆ ಇದೆ, ಸ್ವಲ್ಪ ಕಹಿಯೂ ಇದೆ. ಕಾರಿನ ಒಡೆಯ ಹಣ ಕೊಟ್ಟು ತಂದದ್ದು ವಾಹನವನ್ನೋ ಅಥವಾ ಈ ನೋಟವನ್ನೋ ಎಂಬುದೇ ನಮ್ಮ ಮುಂದಿರುವ ನಿಜವಾದ ಪ್ರಶ್ನೆ.

ಪ್ರಶ್ನೆ ಹೊಸದಲ್ಲ. 1470ರ ಸುಮಾರಿಗೆ ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ ಒಂದು ಗಂಡು ಕುದುರೆಯನ್ನು ಮಾರುವ ಆಸೆಯಿಂದ ಸಮುದ್ರ ದಾಟಿ ಬಹಮನಿಗಳ ರಾಜಧಾನಿಯಾಗಿದ್ದ ಬೀದರಕ್ಕೆ ಬಂದಿದ್ದ. ಅದನ್ನು ತಿಂಗಳುಗಟ್ಟಲೆ ಸಾಕಿ, ಮೇವಿಗೆ ಕೈಯಿಂದ ಖರ್ಚು ಮಾಡಿ, ಕೊನೆಗೆ ಬೀದರದಲ್ಲೇ ಮಾರಿದ. ಆಳಂದದ ಜಾತ್ರೆಯಲ್ಲಿ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ತನ್ನ ಪ್ರವಾಸ ಕಥನದಲ್ಲಿ ಬರೆದ. ಅಂದಿನ ಕಾಲಕ್ಕೆ ಒಳ್ಳೆಯ ತಳಿಯ ಕುದುರೆಯೇ ಇಂದಿನ ಐಷಾರಾಮಿ ಕಾರು. ಅದೇ ನಿಕಿತಿನ್ ಇನ್ನೊಂದು ಸಂಗತಿಯನ್ನೂ ಗಮನಿಸಿದ. ಈ ನಾಡಿನ ಅಮೀರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಸಾಗುತ್ತಾರೆ, ಅವರ ಮುಂದೆ ಚಿನ್ನದ ಸಜ್ಜಿನ ಕುದುರೆಗಳು ನಡೆಯುತ್ತವೆ, ಆದರೆ ಹಳ್ಳಿಯ ಜನ ತೀರಾ ಬಡವರು ಎಂದು ದಾಖಲಿಸಿದ. ಐದೂವರೆ ಶತಮಾನಗಳ ಹಿಂದೆ ಹೊರಗಿನಿಂದ ಬಂದವನೊಬ್ಬನ ಕಣ್ಣಿಗೆ ಬಿದ್ದದ್ದು ಕುದುರೆಯ ಚೆಲುವಿನ ಜೊತೆಗೆ ಈ ಅಂತರ. ಕುದುರೆಯ ಜಾಗಕ್ಕೆ ಕಾರು ಬಂದಿದೆ. ಅಂತರ ಎಲ್ಲಿಗೂ ಹೋಗಿಲ್ಲ.

ಹೋಲಿಕೆಯ ಲೆಕ್ಕ

ಕಾರುಗಳ ವಿಷಯದಲ್ಲಿ ನ್ಯಾಯವಾಗಿಯೇ ಮಾತಾಡೋಣ. ನೋಡದೆ, ಕೂರದೆ ಟೀಕಿಸುವುದು ಅಸೂಯೆಯ ಲಕ್ಷಣ. 2024ರ ಜುಲೈನಲ್ಲಿ ಬಿಎಂಡಬ್ಲ್ಯು ತನ್ನ 5 ಸರಣಿಯ ಉದ್ದನೆಯ ಸೆಡಾನನ್ನು ಭಾರತದಲ್ಲಿ 72.9 ಲಕ್ಷ ರೂಪಾಯಿಗೆ ಬಿಡುಗಡೆ ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮರ್ಸಿಡಿಸ್ ಬೆಂಜ್ ತನ್ನ ಹೊಸ ಇ ಕ್ಲಾಸನ್ನು 78.5 ಲಕ್ಷಕ್ಕೆ ಬಿಡುಗಡೆ ಮಾಡಿತು. ಎರಡೂ ಷೋರೂಂ ಬೆಲೆಗಳು. ತೆರಿಗೆ, ವಿಮೆ ಬೇರೆ. ಬಿಎಂಡಬ್ಲ್ಯು ಚೆನ್ನೈಯಲ್ಲೂ ಬೆಂಜ್ ಪುಣೆ ಹತ್ತಿರದ ಚಾಕಣದಲ್ಲೂ ಜೋಡಣೆಯಾಗುತ್ತವೆ. ಎರಡು ಲೀಟರ್ ಪೆಟ್ರೋಲ್ ಎಂಜಿನ್ನಿನಲ್ಲಿ ಬಿಎಂಡಬ್ಲ್ಯುವಿನ ಶಕ್ತಿ ಹೆಚ್ಚು, 258 ಅಶ್ವಶಕ್ತಿ. ಬೆಂಜಿನದು 204. ಓಡಿಸುವವನಿಗೆ ಮೊದಲನೆಯದು ಹಿತ, ಕೂರುವವನಿಗೆ ಎರಡನೆಯದು ಹಿತ ಎಂಬುದು ಬಲ್ಲವರ ಸಾಮಾನ್ಯ ಮಾತು.

ಈ ಎರಡೂ ಕಾರುಗಳಲ್ಲಿ ಒಂದು ಸಮಾನ ಗುಣವಿದೆ. ಯುರೋಪಿನಲ್ಲಿ ಮಾರುವ ಮಾದರಿಗಿಂತ ಭಾರತದ ಮಾದರಿ ಉದ್ದ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಬಿಎಂಡಬ್ಲ್ಯುವಿನಲ್ಲಿ 3,105 ಮಿಲಿಮೀಟರ್, ಬೆಂಜಿನಲ್ಲಿ 3,094. ಹೆಚ್ಚಿದ ಜಾಗವೆಲ್ಲ ಹಿಂದಿನ ಸೀಟಿಗೆ ಹೋಗಿದೆ. ಕಾರಣ ಸರಳ. ಜರ್ಮನಿಯಲ್ಲಿ ಇಂಥ ಕಾರಿನ ಒಡೆಯ ಸಾಮಾನ್ಯವಾಗಿ ತಾನೇ ಓಡಿಸುತ್ತಾನೆ. ನಮ್ಮಲ್ಲಿ ಒಡೆಯ ಹಿಂದೆ ಕೂರುತ್ತಾನೆ. ಕಂಪನಿಗಳು ನಮ್ಮ ಸಮಾಜವನ್ನು ಅಳತೆಪಟ್ಟಿ ಹಿಡಿದು ಓದಿಕೊಂಡಿವೆ ಎಂದೇ ಇದರ ಅರ್ಥ.

ಈ ಕಾರುಗಳ ಸುರಕ್ಷತೆ ನಿಜ, ಒಳಗಿನ ನಿಶ್ಶಬ್ದ ನಿಜ, ಬೆನ್ನುನೋವಿನವರಿಗೆ ಸಿಗುವ ಆರಾಮವೂ ನಿಜ. ಆದರೆ ಬೀದರದಿಂದ ಹೈದರಾಬಾದಿಗೆ ಇಪ್ಪತ್ತೈದು ಲಕ್ಷದ ಕಾರಿನಲ್ಲೂ ಸುಮಾರು ಮೂರು ತಾಸು, ಎಂಬತ್ತು ಲಕ್ಷದ ಕಾರಿನಲ್ಲೂ ಮೂರು ತಾಸು. ಔರಾದ ತಾಲೂಕಿನ ಒಳರಸ್ತೆಗಳಲ್ಲಿ ನೆಲಕ್ಕೆ ಹತ್ತಿರವಿರುವ ಉದ್ದನೆಯ ಸೆಡಾನು ಜೀಪಿಗಿಂತ ಹಿಂದೆ ಬೀಳುತ್ತದೆ. ಹಾಗಾದರೆ ಉಳಿದ ಐವತ್ತೈದು ಲಕ್ಷಕ್ಕೆ ಬಂದದ್ದೇನು? ಅದರಲ್ಲಿ ಒಂದು ಪಾಲು ಆರಾಮಕ್ಕೆ, ಒಂದು ಪಾಲು ಕುಶಲತೆಗೆ ಸಲ್ಲುತ್ತದೆ. ದೊಡ್ಡ ಪಾಲು ಮಾತ್ರ ಲಾಂಛನಕ್ಕೆ, ಅಂದರೆ ಇತರರ ಕಣ್ಣಿಗೆ ಸಲ್ಲುತ್ತದೆ.

ಷೋರೂಮಿನ ಗಾಜಿನ ಬಾಗಿಲು

ಇಂಥ ಕಾರು ಬೇಕೆಂದರೆ ನಮ್ಮ ಕಡೆಯವರು ಹೈದರಾಬಾದಿಗೆ ಹೋಗುತ್ತಾರೆ. ನಮ್ಮ ಪರಿಚಯದ ಭಾಲ್ಕಿಯ ವ್ಯಾಪಾರಿಯೊಬ್ಬರು ಎರಡು ಕಾರುಗಳ ನಡುವೆ ಮನಸ್ಸು ತೂಗಾಡುತ್ತಿದ್ದಾಗ ಅವರೊಡನೆ ನಾವೂ ಹೋಗಿದ್ದೆವು. ಔರಾದ ಕಡೆಯ ಹಳ್ಳಿಯಿಂದ ಅವರ ಸೋದರಮಾವನೂ ಬಂದಿದ್ದರು. ಧೋತರ, ತಲೆಗೆ ರುಮಾಲು, ಧೂಳು ಹಿಡಿದ ಚಪ್ಪಲಿ. ಮೊದಲನೆಯ ಷೋರೂಮಿನ ಬಾಗಿಲಲ್ಲಿ ವ್ಯಾಪಾರಿಗೆ ನಮಸ್ಕಾರ ಸಿಕ್ಕಿತು. ಮಾವನಿಗೆ "ನೀವು ಯಾರ ಜೊತೆ?" ಎಂಬ ಪ್ರಶ್ನೆ ಸಿಕ್ಕಿತು. ಒಳಗೆ ಕಾಫಿ ಬಂದಾಗ ತಟ್ಟೆಯಲ್ಲಿ ಅವರ ಪಾಲಿನ ಕಪ್ಪು ಇರಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ತಳ್ಳಲಿಲ್ಲ. ಅವರು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಮಾತುಕತೆ ನಡೆಯಿತು, ಅಷ್ಟೇ.

ಎರಡನೆಯ ಷೋರೂಮಿನಲ್ಲಿ ಉಪಚಾರ ಚೆನ್ನಾಗಿಯೇ ಇತ್ತು. ಮಾವನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ, ಗುಂಡಿ ಒತ್ತಿದರೆ ಬೆನ್ನು ಹೇಗೆ ವಾಲುತ್ತದೆಂದು ತೋರಿಸಿದರು. ಅವರು ಎರಡು ನಿಮಿಷ ಕುಳಿತರು. ಗಾಜಿನಾಚೆ ಬಿಸಿಲಿನಲ್ಲಿ ನಮ್ಮನ್ನು ಕರೆತಂದ ಡ್ರೈವರ್ ಹುಡುಗ ನಿಂತಿದ್ದ. ಅವನ ಕಡೆ ನೋಡಿ ಅಳಿಯನಿಗೆ ಕೇಳಿದರು: "ಹಿಂದ ಕುಂದರ್ಲಾಕ ಇಷ್ಟು ರೊಕ್ಕ ಹಾಕ್ಲತ್ತಿ ತಮ್ಮಾ, ಮುಂದ ಕುಂದರೋ ಹುಡುಗಗ ಎಷ್ಟ ಕೊಡ್ತಿ?"

"ಅದ ಬ್ಯಾರೆ ಮಾತು ಮಾಮಾ" ಎಂದರು ಅಳಿಯ. ನಿಜವಾಗಿ ಅದು ಬೇರೆ ಮಾತೇ? ನಮಗಂತೂ ಹಾಗೆನಿಸಲಿಲ್ಲ. ಇಡೀ ಪ್ರಶ್ನೆಯ ಗಂಟು ಅಲ್ಲೇ ಇದೆ.

ಇದಕ್ಕಿಂತ ಬಿರುಸಾದ ಘಟನೆಯೊಂದು ನಮ್ಮ ರಾಜ್ಯದಲ್ಲೇ ನಡೆದು ಸುದ್ದಿಯಾಗಿತ್ತು. 2022ರ ಜನವರಿಯಲ್ಲಿ ತುಮಕೂರಿನ ವಾಹನ ಷೋರೂಂ ಒಂದಕ್ಕೆ ಸರಕು ಸಾಗಣೆಯ ಗಾಡಿ ಕೊಳ್ಳಲು ಹೋದ ರೈತನನ್ನು, ನಿನ್ನ ಜೇಬಿನಲ್ಲಿ ಹತ್ತು ರೂಪಾಯಿಯೂ ಇರಲಿಕ್ಕಿಲ್ಲ ಎಂಬರ್ಥದಲ್ಲಿ ಸಿಬ್ಬಂದಿ ಹೀಯಾಳಿಸಿದರೆಂಬ ದೂರು ಬಂತು. ರೈತ ಸ್ವಲ್ಪ ಹೊತ್ತಿನಲ್ಲೇ ಹತ್ತು ಲಕ್ಷ ರೂಪಾಯಿ ನಗದು ತಂದು ಮುಂದಿಟ್ಟ. ವಿಷಯ ದೇಶವ್ಯಾಪಿ ಚರ್ಚೆಯಾಯಿತು, ಕ್ಷಮಾಪಣೆಯೂ ನಡೆಯಿತು. ಜನ ಚಪ್ಪಾಳೆ ತಟ್ಟಿದರು. ನಾವೂ ಸಂತೋಷಪಟ್ಟೆವು. ಆದರೆ ಸ್ವಲ್ಪ ತಡೆದು ಯೋಚಿಸಬೇಕು. ಆ ರೈತನ ಬಳಿ ಹತ್ತು ಲಕ್ಷ ಇರದೇ ಹೋಗಿದ್ದರೆ? ಆಗ ಆ ಅವಮಾನ ಸರಿಯಾಗುತ್ತಿತ್ತೇ? ನಮ್ಮ ಚಪ್ಪಾಳೆ ಮನುಷ್ಯನ ಮಾನಕ್ಕೆ ಬಿತ್ತೋ, ನೋಟಿನ ಕಟ್ಟಿಗೆ ಬಿತ್ತೋ? ಹಣ ತೋರಿಸಿ ಗಳಿಸಿದ ಗೌರವ ಹಣವಿಲ್ಲದವನ ಅವಮಾನವನ್ನು ಒಪ್ಪಿಕೊಂಡಂತೆಯೇ ಆಗುತ್ತದೆ.

ಮಾರಾಟದ ಹುಡುಗರನ್ನಷ್ಟೇ ದೂರುವುದೂ ಸಲ್ಲ. ತಿಂಗಳಿಗೆ ಇಷ್ಟು ಕಾರು ಮಾರಲೇಬೇಕೆಂಬ ಗುರಿ ಅವರ ತಲೆಯ ಮೇಲಿರುತ್ತದೆ. ಯಾರು ಕೊಳ್ಳುವವರು, ಯಾರು ನೋಡಿ ಹೋಗುವವರು ಎಂದು ಬಟ್ಟೆ, ಗಡಿಯಾರ, ಚಪ್ಪಲಿಯಿಂದ ಅಳೆಯುವುದನ್ನು ಅವರು ಕಲಿತದ್ದು ನಮ್ಮಿಂದಲೇ. ಮದುವೆ ಮನೆಯಲ್ಲಿ ಯಾರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ, ಕಚೇರಿಯಲ್ಲಿ ಯಾರಿಗೆ ಕುರ್ಚಿ ಕೊಡುತ್ತೇವೆ, ಮಸೀದಿ ಮಠಗಳ ಸಮಿತಿಗಳಲ್ಲಿ ಯಾರ ಮಾತಿಗೆ ತೂಕ ಎಂಬುದನ್ನು ನೋಡಿದರೆ ಸಾಕು. ಷೋರೂಮಿನ ಗಾಜು ನಮ್ಮ ಮುಖವನ್ನೇ ತೋರಿಸುತ್ತದೆ.

ಸಾಲಕ್ಕೂ ಜಾತಿಯುಂಟು

ನಮ್ಮ ನೆರೆಯ ಮರಾಠವಾಡದ ಔರಂಗಾಬಾದಿನಲ್ಲಿ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, 2010ರ ಅಕ್ಟೋಬರಿನಲ್ಲಿ ಉದ್ಯಮಿಗಳ ಗುಂಪೊಂದು ಒಟ್ಟಾಗಿ 150 ಬೆಂಜ್ ಕಾರುಗಳನ್ನು ಖರೀದಿಸಿತು. ಒಟ್ಟು ಮೊತ್ತ ಸುಮಾರು 65 ಕೋಟಿ. ಹಿಂದುಳಿದ ಊರು ಎಂಬ ಹೆಸರನ್ನು ಅಳಿಸುವುದು ಅವರ ಉದ್ದೇಶವಾಗಿತ್ತು. ಸಾರ್ವಜನಿಕ ವಲಯದ ಬ್ಯಾಂಕೊಂದು ಅದಕ್ಕೆ ಶೇ. 7ರ ಆಸುಪಾಸಿನ ಬಡ್ಡಿಗೆ ಸಾಲ ಕೊಟ್ಟಿತು. ಅದೇ ಪ್ರದೇಶದಲ್ಲಿ ಟ್ರ್ಯಾಕ್ಟರಿಗೆ ಸಾಲ ಪಡೆದವರು ಕಟ್ಟುತ್ತಿದ್ದ ಬಡ್ಡಿ ಶೇ. 15.9 ಎಂಬುದನ್ನು ಪತ್ರಕರ್ತ ಪಿ. ಸಾಯಿನಾಥ್ ಆಗಲೇ ಎತ್ತಿ ತೋರಿಸಿದ್ದರು. ಉಳುವ ಯಂತ್ರಕ್ಕೆ ದುಬಾರಿ ಸಾಲ, ಮೆರೆಯುವ ಯಂತ್ರಕ್ಕೆ ಅಗ್ಗದ ಸಾಲ. ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ 'ರಿಸ್ಕ್' ಎಂದು ಹೆಸರು. ಬಡವನನ್ನು ನಂಬುವುದು ರಿಸ್ಕ್!

ಬಡ್ಡಿಯನ್ನೇ ನಿಷಿದ್ಧವೆಂದು ನಂಬುವ ಮುಸ್ಲಿಮ್ ಗ್ರಾಹಕನಿಗೆ ಇಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಅನಿವಾರ್ಯವೆಂದು ಮನೆಗೋ ಮಗಳ ಓದಿಗೋ ಸಾಲ ಮಾಡುವಾಗ ಹಿಂಜರಿಯುವ ನಾವು, ಆಡಂಬರಕ್ಕೆ ಕಂತು ಕಟ್ಟುವಾಗ ಅದೇ ಹಿಂಜರಿಕೆಯನ್ನು ಎಲ್ಲಿ ಬಿಟ್ಟು ಬರುತ್ತೇವೆ?

ಅವರ ವಾದವನ್ನೂ ಕೇಳೋಣ

ಕಾರು ಕೊಳ್ಳುವವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕಾರಿನಿಂದ ಕಾರ್ಮಿಕರಿಗೆ ಕೆಲಸ ಸಿಗುತ್ತದೆ. ಸರಕಾರಕ್ಕೆ ತೆರಿಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳ ಮೇಲಿನ ಜಿಎಸ್‌ಟಿ ಶೇ. 40. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಜೊತೆಗೆ ಉಪಕರ. 78.5 ಲಕ್ಷದ ಕಾರಿಗೆ ಈ ರಸ್ತೆ ತೆರಿಗೆಯೇ 14 ಲಕ್ಷ ದಾಟುತ್ತದೆ. ಆ ಹಣ ಶಾಲೆ, ಆಸ್ಪತ್ರೆಗಳಿಗೂ ಹೋಗಬಹುದು. ಒಪ್ಪೋಣ. ಆದರೆ ತೆರಿಗೆ ಎಂಬುದು ಕರ್ತವ್ಯ, ದಾನವಲ್ಲ. ಆ ಕರ್ತವ್ಯವನ್ನೂ ತಪ್ಪಿಸಲು ಕಡಿಮೆ ತೆರಿಗೆಯ ಕಡೆ ನೋಂದಣಿ ಮಾಡಿಸಿ ಇಲ್ಲಿ ಓಡಿಸುವವರು ಈ ವಾದವನ್ನು ಬಳಸುವಂತಿಲ್ಲ.

ಇನ್ನೊಂದು ಲೆಕ್ಕ ನೋಡಿ. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆ ವರ್ಷ ಬಂದ 78.5 ಲಕ್ಷದ ಕಾರಿನ ಬೆಲೆ ಸುಮಾರು 22,500 ದಿನಗಳ ಕೂಲಿಗೆ ಸಮ. ವರ್ಷಕ್ಕೆ ನೂರು ದಿನದ ಕೆಲಸವೆಂದರೆ ಔರಾದಿನ ಒಂದು ಕೂಲಿ ಕುಟುಂಬದ 225 ವರ್ಷಗಳ ದುಡಿಮೆ. ಈ ಲೆಕ್ಕದಿಂದ ಕಾರು ಕೊಂಡವನು ಕಳ್ಳನೆಂದು ಸಾಬೀತಾಗುವುದಿಲ್ಲ. ಅವನು ಕೊಳ್ಳದಿದ್ದರೆ ಆ ಹಣ ತಾನಾಗಿಯೇ ಔರಾದಿಗೆ ಹೋಗುತ್ತಿತ್ತೆಂದೂ ಅಲ್ಲ. ಆದರೆ 'ನನ್ನ ಹಣ, ನನ್ನ ಇಷ್ಟ' ಎಂಬ ಮಾತನ್ನು ಅಷ್ಟು ಹಗುರವಾಗಿ ಆಡಲು ಈ ಅಂಕಿ ಬಿಡುವುದಿಲ್ಲ. ಯಾರ ಹಣವೂ ಪೂರ್ತಿ ಅವನೊಬ್ಬನದಲ್ಲ. ಅದರಲ್ಲಿ ಊರಿನ ರಸ್ತೆ, ನೀರು, ನೆಮ್ಮದಿ, ಹಮಾಲಿಯ ಬೆನ್ನು ಎಲ್ಲವೂ ಸೇರಿವೆ. ಕಾಯಕ ಮತ್ತು ದಾಸೋಹವನ್ನು ಒಂದೇ ಉಸಿರಿನಲ್ಲಿ ಹೇಳಿದ ಶರಣರ ಕಲ್ಯಾಣವೂ ಇದೇ ಜಿಲ್ಲೆಯಲ್ಲಿದೆ. ದುಂದುಗಾರಿಕೆಯನ್ನು ಪಾಪವೆಂದೂ ಬಡವನ ಪಾಲನ್ನು ಹಕ್ಕೆಂದೂ ಕರೆಯುವ ಇಸ್ಲಾಮಿನ ಬೋಧನೆಯೂ ಇಲ್ಲಿ ಶತಮಾನಗಳಿಂದ ಕೇಳಿಬಂದಿದೆ. ನಮಗೆ ಗೊತ್ತಿಲ್ಲವೆಂದು ಹೇಳುವಂತಿಲ್ಲ.

ಅಪಾಯ ಇನ್ನೊಂದು ದಿಕ್ಕಿನಿಂದಲೂ ಇದೆ. ಸಿರಿವಂತನ ಮನೆಯ ಮದುವೆಯಲ್ಲಿ ರಿಬ್ಬನ್ ಕಟ್ಟಿ ನಿಲ್ಲಿಸಿದ ದೊಡ್ಡ ಕಾರು ಊರಿಗೇ ಒಂದು ಅಳತೆಗೋಲಾಗಿಬಿಡುತ್ತದೆ. ಮರುವರ್ಷ ಮಧ್ಯಮ ವರ್ಗದವನ ಮನೆಗೆ ಬಂದ ಸಂಬಂಧಿಕರು ಬೆಂಜ್ ಕೇಳುವುದಿಲ್ಲ, ಸಣ್ಣ ಕಾರು ಕೇಳುತ್ತಾರೆ. ಬಡವನ ಮನೆಯಲ್ಲಿ ಬೈಕ್ ಕೇಳುತ್ತಾರೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಜಹೇಜ್ ಎಂದು ಕರೆಯಿರಿ, ಉಡುಗೊರೆ ಎಂದು ಕರೆಯಿರಿ, ಹೆಣ್ಣು ಹೆತ್ತವರ ಹೊಲ ಮಾರಾಟವಾಗುವುದು ತಪ್ಪಿಲ್ಲ. ಮೇಲಿನವರ ಆಡಂಬರ ಕೆಳಗಿಳಿಯುವಾಗ ಸಾಲವಾಗಿ ಇಳಿಯುತ್ತದೆ. 'ನಾನು ಯಾರಿಗೂ ತೊಂದರೆ ಕೊಟ್ಟಿಲ್ಲ' ಎನ್ನುವ ಸಿರಿವಂತ ಗಮನಿಸಬೇಕಾದದ್ದು ಇದನ್ನೇ.

ಎಲ್ಲಿ ನಿಲ್ಲಬೇಕು?

ಹಾಗಾದರೆ ಸಂಪತ್ತೇ ತಪ್ಪೇ? ಖಂಡಿತ ಅಲ್ಲ. ಬೀದರದ ನೆನಪಿನಲ್ಲಿ ಅತ್ಯಂತ ಗೌರವದಿಂದ ಉಳಿದಿರುವ ಹೆಸರುಗಳಲ್ಲೊಂದು ಮಹಮೂದ್ ಗವಾನನದು. ಅವನು ಇರಾನಿನ ಗೀಲಾನಿನಿಂದ ಬಂದ ವ್ಯಾಪಾರಿ, ಆಮೇಲೆ ಬಹಮನಿ ರಾಜ್ಯದ ಪ್ರಧಾನಿ. ರಾಜ್ಯದ ಅಧಿಕಾರವೆಲ್ಲ ಅವನ ಕೈಯಲ್ಲಿತ್ತು. 1472ರಲ್ಲಿ ಪೂರ್ಣಗೊಂಡ ಅವನ ಮದರಸಾ ಮುರಿದ ಮಿನಾರಿನೊಂದಿಗೆ ಇಂದಿಗೂ ನಮ್ಮ ನಡುವೆ ನಿಂತಿದೆ. 1481ರಲ್ಲಿ ಸುಳ್ಳು ಆರೋಪಕ್ಕೆ ಅವನ ತಲೆ ಹೋಯಿತು. ಸುಲ್ತಾನ ಅವನ ಖಜಾನೆಯನ್ನು ಹುಡುಕಿಸಿದಾಗ ಸಿಕ್ಕಿದ್ದು ಅತ್ಯಲ್ಪ. ಸ್ವಂತ ಖರ್ಚನ್ನು ತನ್ನ ವ್ಯಾಪಾರದ ಬಂಡವಾಳದಿಂದ ನಡೆಸುತ್ತಿದ್ದ, ಉಳಿದದ್ದು ಸೈನಿಕರಿಗೆ, ಬಡವರಿಗೆ ಹೋಗುತ್ತಿತ್ತು ಎಂದು ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ಗವಾನನ ಕಾಲದ ಬೆಳ್ಳಿ ಪಲ್ಲಕ್ಕಿಗಳ ಒಡೆಯರ ಹೆಸರು ಇಂದು ಯಾರಿಗೂ ನೆನಪಿಲ್ಲ.

ಕಾರಿನ ಬೆಲೆ ಇಷ್ಟು ಲಕ್ಷ ದಾಟಿದರೆ ಪಾಪ ಎಂದು ಗೆರೆ ಎಳೆಯುವುದು ನಮ್ಮಿಂದಾಗದು. ಯಾರಿಂದಲೂ ಆಗದು. ವಯಸ್ಸಾದ ತಾಯಿಯ ಬೆನ್ನುನೋವಿಗಾಗಿ ಒಳ್ಳೆಯ ಕಾರು ತಂದವನನ್ನೂ ನೆರೆಯವನ ಹೊಟ್ಟೆ ಉರಿಸಲು ತಂದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಕೊಳ್ಳುವ ಮುನ್ನ ಔರಾದಿನ ಆ ಹಿರಿಯರ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಬಹುದು. ಮುಂದೆ ಕೂರುವವನಿಗೆ ಎಷ್ಟು ಕೊಡುತ್ತೇನೆ? ಅವನ ಮಗನ ಶಾಲೆಯ ಫೀಸು ಕಟ್ಟಲಾಗುವಷ್ಟು ಸಂಬಳವಿದೆಯೇ? ಹೊತ್ತಿಗೆ ಊಟ, ವಾರಕ್ಕೊಂದು ರಜೆ ಇದೆಯೇ? ನನ್ನ ಗೋದಾಮಿನ ಹಮಾಲರ ಬಾಕಿ ಉಳಿದಿದೆಯೇ? ಕಾರಿನ ಮೇಲಿನ ಲಾಂಛನವನ್ನು ಕಿತ್ತು ಕೊಟ್ಟರೂ ಇದೇ ಬೆಲೆಗೆ ಕೊಳ್ಳುತ್ತಿದ್ದೆನೇ?

ಈ ಪ್ರಶ್ನೆಗಳಿಗೆ ನಿರಾಳವಾಗಿ ಉತ್ತರ ಕೊಡಬಲ್ಲವನು ಕಾರು ಕೊಳ್ಳಲಿ, ಸುಖವಾಗಿ ಓಡಾಡಲಿ, ನಮ್ಮ ತಕರಾರಿಲ್ಲ. ಉತ್ತರ ಕೊಡಲಾರದವನು ಹಿಂದಿನ ಸೀಟಿನಲ್ಲಿ ಎಷ್ಟು ವಾಲಿ ಕುಳಿತರೂ ಘನತೆ ಬಾರದು. ಅದು ಹಣ ಕೊಟ್ಟು ತರುವ ಸರಕಲ್ಲ. ನಾವು ಇತರರಿಗೆ ಕೊಟ್ಟಷ್ಟೇ ನಮ್ಮಲ್ಲಿ ಉಳಿಯುತ್ತದೆ.