ಬಿಟ್ಟ ಕಡೆಯಿಂದ

ಇಂದಿನ ಚಿಂತನೆ

ಕಳೆದ ವಾರ ಮೊಬೈಲಿನಲ್ಲಿ ಮಕ್ಕಳ ಅಂಕ ತುಂಬುತ್ತಿದ್ದೆ. 28 ಮಕ್ಕಳದ್ದು ಮುಗಿದಿತ್ತು. ನಡುವೆ ಒಂದು ಕರೆ ಬಂತು. ಮಾತು ಮುಗಿಸಿ, ಎರಡು ಫೋಟೊ ತೆಗೆದು ಮರಳಿ ನೋಡಿದರೆ ಪುಟವೆಲ್ಲ ಖಾಲಿ!

ಆ್ಯಪ್ ತಯಾರಿಸುವ ಕೆಲಸದಲ್ಲಿರುವ ಅಕ್ಕನ ಮಗನನ್ನು ಕೇಳಿದೆ. "ಚಿಕ್ಕಮ್ಮ, ಮೆಮೊರಿ ಸಾಲದಿದ್ದಾಗ ಆಂಡ್ರಾಯ್ಡ್ ಹಿಂದೆ ಸರಿದ ಆ್ಯಪನ್ನ ನಿಲ್ಲಿಸಿಬಿಡುತ್ತೆ. ಆ ಹೊತ್ತಲ್ಲಿ ಅದಕ್ಕೆ ಹೇಳೋದೂ ಇಲ್ಲ. ಅದಕ್ಕೇ ಪರದೆಯಿಂದ ಮರೆಯಾಗುವಾಗಲೇ ಆ್ಯಪ್ ತನ್ನ ಸ್ಥಿತೀನ ಉಳಿಸಿಡಬೇಕು. ಇದನ್ನ ಮಾಡಿದವರು ಅಷ್ಟು ಮಾಡಿಲ್ಲ" ಎಂದ.

ಹಾಗೆ ಉಳಿಸಲು ಸಿಗುವ ಜಾಗವೂ ಚಿಕ್ಕದು, 1 ಎಂಬಿಗಿಂತ ಕಡಿಮೆ. ಅಲ್ಲಿ ಫೋಟೊ, ದೊಡ್ಡ ಪಟ್ಟಿ ಇಡುವುದಿಲ್ಲ. ಯಾವ ಪುಟದಲ್ಲಿದ್ದೆವು, ಅರ್ಧ ಬರೆದದ್ದು ಏನು, ಇಷ್ಟೇ. ಮತ್ತೆ ತೆರೆದಾಗ ಆ್ಯಪ್ ಹೊಸದಾಗಿಯೇ ಶುರುವಾಗುತ್ತದೆ. ಆದರೂ ನಮಗೆ ಬಿಟ್ಟ ಕಡೆಯೇ ಸಿಗುತ್ತದೆ.

ಇದನ್ನು ಕೇಳುವಾಗ ಎಂಟನೇ ತರಗತಿಯ ಒಬ್ಬ ಹುಡುಗಿ ನೆನಪಾದಳು. "ಮಿಸ್, ಮುಂದಿನ ವರ್ಷ ನಾನು ಸ್ಕೂಲಿಗೆ ಬರಲ್ವೇನೋ" ಎಂದು ಶುರು ಮಾಡಿದ್ದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. "ನಾಳೆ ಹೇಳಮ್ಮ" ಎಂದು ಹೋದೆ. ಮರುದಿನ ಅವಳು ಬಂದು ನಿಂತಾಗ "ಏನಮ್ಮ, ಏನ್ ಬೇಕಿತ್ತು?" ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ "ಏನಿಲ್ಲ ಮಿಸ್" ಎಂದು ಹೊರಟುಹೋದಳು. ಅವಳಿಗೂ ಅಂದು ಕಂಡದ್ದು ಖಾಲಿ ಪುಟವೇ.

ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವುದು ಅಂಟಿಕೊಳ್ಳುವಿಕೆಯಲ್ಲವೇ ಎಂದು ನೀವು ಕೇಳಬಹುದು. ಫೋನಿನಲ್ಲೂ ಈ ವ್ಯತ್ಯಾಸವಿದೆ. ಬಳಸುವವರೇ ಆ್ಯಪನ್ನು ಸರಿಸಿ ಮುಚ್ಚಿದರೆ ಆ ಸ್ಥಿತಿ ಅಳಿಸಿಹೋಗುತ್ತದೆ, ಅದು ಸರಿಯೇ. ನಿನ್ನೆಯ ಸಿಟ್ಟನ್ನು ನಾವು ಹಾಗೆ ಮುಚ್ಚಬೇಕು. ಆದರೆ ಇನ್ನೊಬ್ಬರು ನಂಬಿ ಅರ್ಧ ಹೇಳಿದ ಮಾತನ್ನು ನಾವೊಬ್ಬರೇ ಮುಚ್ಚಲು ಬರುವುದಿಲ್ಲ. ಪಾಳಿಯ 'ಸತಿ' ಎಂದರೆ ಎಚ್ಚರ ಎನ್ನುತ್ತೇವೆ. ಆ ಪದಕ್ಕೆ ನೆನಪು ಎಂಬ ಅರ್ಥವೂ ಇದೆ. ಸಂಸ್ಕೃತದ 'ಸ್ಮೃತಿ'ಯೇ ಅದು.

ಮೊನ್ನೆ ನಾನೇ ಅವಳ ಹತ್ತಿರ ಹೋದೆ. "ಮುಂದಿನ ವರ್ಷ ಬರಲ್ವೇನೋ ಅಂದಿದ್ದೆ. ಅಲ್ಲಿಂದ ಹೇಳಮ್ಮ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದಳು. ಈಗ ಗಂಟೆ ಹೊಡೆದರೂ ಡೈರಿಯಲ್ಲಿ ಒಂದು ಸಾಲು ಬರೆದೇ ಏಳುತ್ತೇನೆ: ಯಾರ ಮಾತು, ಎಲ್ಲಿಗೆ ನಿಂತಿತು.

ಇಂದು ಯೋಚಿಸೋಣ: ನಾವು ನಡುವೆ ಬಿಟ್ಟು ಬಂದ ಯಾರ ಮಾತು ಇನ್ನೂ ಕಾಯುತ್ತಿದೆ?

ಎಲ್ಲರಿಗೂ ಮಂಗಳವಾಗಲಿ.