ಸೀಲಿನ ಮುಂದಿನ ಸತ್ಯ

ನಮ್ಮ ಪುತ್ತೂರಿನ ಕಡೆ ಜಗಳ ಬಗೆಹರಿಯದೆ ಹೋದರೆ ಜನ ಈಗಲೂ ಹೇಳುವ ಮಾತು ಒಂದೇ: "ಬಾ, ಧರ್ಮಸ್ಥಳಕ್ಕೆ ಹೋಗುವ. ಅಲ್ಲಿ ಪ್ರಮಾಣ ಮಾಡು." ಮೊದಲು ವಕೀಲನಾಗಿ, ಆಮೇಲೆ ನೋಟರಿಯಾಗಿ ಕೋರ್ಟಿನ ಎದುರಿನ ಕೋಣೆಯಲ್ಲಿ ಕೂತು ತಲೆ ನರೆತ ನನಗೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಸಣ್ಣ ಇರಿಸುಮುರಿಸು. ಅದೇ ಮನುಷ್ಯ ಅದೇ ಜಗಳದ ಬಗ್ಗೆ ನನ್ನ ಮೇಜಿನ ಮುಂದೆ ಆಗಲೇ ಪ್ರಮಾಣ ಮಾಡಿ ಹೋಗಿರುತ್ತಾನೆ. ಅಫಿಡವಿಟ್ಟಿನ ಮೊದಲ ಸಾಲಿನಲ್ಲೇ "ಸತ್ಯಪ್ರಮಾಣ ಮಾಡಿ ಹೇಳುವುದೇನೆಂದರೆ" ಎಂದು ಟೈಪಾಗಿರುತ್ತದೆ. ಅದನ್ನು ಪ್ರಮಾಣ ಎಂದು ಯಾರೂ ಲೆಕ್ಕಕ್ಕಿಡುವುದಿಲ್ಲ. ಗಡಿಯ ಅಡಿಕೆ ಮರಗಳು ತನ್ನವೇ ಎಂದು ಕೈ ನಡುಗದೆ ಸಹಿ ಹಾಕಿದ ಕಕ್ಷಿದಾರನೊಬ್ಬ, ತಮ್ಮ "ಮಂಜುನಾಥನ ಎದುರು ಹೇಳು" ಎಂದ ವಾರವೇ ರಾಜಿಗೆ ಬಂದ.

ಹಿಂದಿನವರ ಲೆಕ್ಕ ಬೇರೆಯಿತ್ತು. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲೇ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ'ಕ್ಕೆ ಮೂಲವಾದ ಯಾಜ್ಞವಲ್ಕ್ಯ ಸ್ಮೃತಿ ಲಿಖಿತ, ಭುಕ್ತಿ (ಅಂದರೆ ಸ್ವಾಧೀನಾನುಭವ), ಸಾಕ್ಷಿ ಎಂಬ ಮೂರನ್ನು ಪ್ರಮಾಣ, ಅಂದರೆ ಪುರಾವೆ, ಎಂದು ಹೇಳಿ, ಇವು ಯಾವುವೂ ಸಿಗದಿದ್ದರೆ ಮಾತ್ರ ದಿವ್ಯ ಎನ್ನುತ್ತದೆ. ಅಂದರೆ ಬೆಂಕಿ, ನೀರು, ದೇವರು ಎಲ್ಲ ಕೊನೆಗೆ. ಹಾಗೆಂದು ಬರಹವನ್ನೊಂದನ್ನೇ ನೆಚ್ಚಿಕೊಂಡವರೂ ಅವರಲ್ಲ. ದಾನಶಾಸನದ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೆತ್ತಿ, ಕೊನೆಗೆ ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಎಂದು ಶಾಪವನ್ನೂ ಹಾಕಿಡುತ್ತಿದ್ದರು.

ಬರಹಕ್ಕಿಂತ ಆಣೆಗೆ ಜನ ಹೆದರುತ್ತಾರೆಂದು ಬ್ರಿಟಿಷರಿಗೂ ಗೊತ್ತಿತ್ತು. 1873ರ ಪ್ರಮಾಣ ಕಾಯ್ದೆಯಲ್ಲಿ "ಎದುರಾಳಿ ಇಂಥ ಆಣೆ ಇಟ್ಟು ಹೇಳಿದರೆ ನಾನು ಒಪ್ಪುತ್ತೇನೆ" ಎನ್ನಲು ಅವಕಾಶವಿತ್ತು. ಅವನು ಆಣೆ ಇಟ್ಟನೋ, ಆ ಮಾತೇ ಅಂತಿಮ. 1969ರ ಕಾಯ್ದೆ ಆ ದಾರಿಯನ್ನು ಮುಚ್ಚಿತು. ಈಗ ದೇವರ ಹೆಸರು ಹೇಳಬಹುದು, ಬಿಡಲೂಬಹುದು. ಅದರ ಏಳನೇ ಕಲಮು ನನಗೆ ಬಹಳ ಇಷ್ಟ. ಪ್ರಮಾಣ ಮಾಡಿಸುವುದೇ ಬಿಟ್ಟುಹೋದರೂ ಸಾಕ್ಷ್ಯ ಬಿದ್ದುಹೋಗುವುದಿಲ್ಲ, ನಿಜ ಹೇಳುವ ಹೊಣೆಯೂ ತಪ್ಪುವುದಿಲ್ಲ ಎನ್ನುತ್ತದೆ ಅದು. ಯಾವ ಮಠದ ಪ್ರವಚನದಲ್ಲೂ ಇಷ್ಟು ನೇರವಾಗಿ ಕೇಳಿದ್ದಿಲ್ಲ.

ಹಾಗಾದರೆ ಜನ ಧರ್ಮಸ್ಥಳದಲ್ಲಿ ಹೆದರಿ ನನ್ನ ಮೇಜಿನ ಮುಂದೆ ಹೆದರದಿರುವುದೇಕೆ? ದೇವರ ಭಯ ಎಂದುಬಿಡುವುದು ಸುಲಭ. ನನಗೆ ಹಾಗನಿಸುವುದಿಲ್ಲ. ದೇವಸ್ಥಾನದಲ್ಲಿ ಪ್ರಮಾಣ ಮಾಡುವವನು ಮಿಂದು, ಬಸ್ಸು ಹತ್ತಿ ಹೋಗಿ, ಎದುರಾಳಿಗೆ ಕೇಳುವ ಹಾಗೆ ತನ್ನ ಬಾಯಿಂದ ತನ್ನ ಭಾಷೆಯಲ್ಲಿ ಹೇಳಬೇಕು. ಅಫಿಡವಿಟ್ಟಿನಲ್ಲಿ ಮಾತು ಟೈಪಿಸ್ಟಿನದು, ಇಂಗ್ಲಿಷು ಯಾರದೋ ಹಳೇ ನಕಲಿನದು. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾತ್ರ ಇವನದು. ಬಾಯಿಗೇ ಬಾರದ ಸುಳ್ಳು ನಾಲಿಗೆಯನ್ನು ಸುಡುವುದಾದರೂ ಹೇಗೆ?

ಒಮ್ಮೆ ಮಗನ ಜೊತೆ ಒಬ್ಬ ಅಜ್ಜಿ ಬಂದಿದ್ದರು. ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು. ಎರಡೂ ಹೆಸರಿನವಳು ನಾನೊಬ್ಬಳೇ ಎಂಬ ಅಫಿಡವಿಟ್ಟು. (ವೇದಾಂತಿಗಳು ಜನ್ಮವಿಡೀ ಒದ್ದಾಡುವ ವಿಷಯ ನಮ್ಮಲ್ಲಿ ಛಾಪಾ ಕಾಗದದ ಒಂದೇ ಪುಟದಲ್ಲಿ ಮುಗಿಯುತ್ತದೆ.) ಹೆಬ್ಬೆಟ್ಟಿಗೆ ಇಂಕ್ ಪ್ಯಾಡ್ ತೆರೆದಿಟ್ಟು, ಒಂದೊಂದೇ ಸಾಲನ್ನು ತುಳುವಿನಲ್ಲಿ ಹೇಳುತ್ತಾ ಹೋದೆ. ಐದನೆಯ ಕಂಡಿಕೆ: ಇದಲ್ಲದೆ ನನಗೆ ಬೇರೆ ಆಸ್ತಿಯಾಗಲಿ ಹಕ್ಕಾಗಲಿ ಇಲ್ಲ. ಅಜ್ಜಿ ಕೈ ಹಿಂದೆಗೆದರು. "ಅದು ಹೇಗೆ ವಕೀಲ್ರೇ? ನನ್ನ ತವರಿನ ಪಾಲು ಉಂಟಲ್ಲ?" ಮಗ ಹಿಂದಿನಿಂದ, "ಅದೆಲ್ಲ ಫಾರ್ಮಿನಲ್ಲಿ ಇರುವುದೇ ಅಮ್ಮ, ಒತ್ತಿಬಿಡು" ಎಂದ. ಅಜ್ಜಿ ಒತ್ತಲಿಲ್ಲ. ಇಂಕ್ ಪ್ಯಾಡ್ ಮುಚ್ಚಿದೆ.

ನನ್ನ ಸೀಲು ಬಿದ್ದರೆ ಒಳಗೆ ಬರೆದದ್ದೆಲ್ಲ ಸತ್ಯವಾಯಿತೆಂದು ಬಹಳ ಜನ ನಂಬಿದ್ದಾರೆ. ಅಫಿಡವಿಟ್ಟಿನ ಮಟ್ಟಿಗೆ ನಾನು ಹೇಳುವುದು ಇಷ್ಟೇ: ಈ ವ್ಯಕ್ತಿ ನನ್ನೆದುರು ಬಂದು, ಪ್ರಮಾಣ ಮಾಡಿ, ಸಹಿ ಹಾಕಿದರು. ಒಳಗಿನ ಸತ್ಯ ಅವರದು, ಅದೂ "ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ". ಮನುಷ್ಯನಿಗೆ ಪೂರ್ತಿ ಸತ್ಯ ತಿಳಿದಿರದು ಎಂದು ಕಾನೂನೂ ಒಪ್ಪಿಕೊಂಡಿದೆ. ಆದರೆ ಆ "ನನ್ನೆದುರು" ಎಂಬುದು ನನ್ನ ಪ್ರಮಾಣ. ಮೊದಲೇ ಸಹಿಯಾದ ಕಾಗದವನ್ನು ಅಳಿಯ ತಂದುಕೊಟ್ಟಾಗ ಮುಖ ನೋಡದೆ ಸೀಲು ಒತ್ತುವವರು ನಮ್ಮ ವೃತ್ತಿಯಲ್ಲಿ ಇದ್ದಾರೆ. ಸುಳ್ಳು ಅಫಿಡವಿಟ್ಟು ಕೊಟ್ಟವನಿಗೆ ಜೈಲಿದೆ, ಕೋರ್ಟಿನ ವ್ಯಾಜ್ಯದಲ್ಲಾದರೆ ಏಳು ವರ್ಷದವರೆಗೂ. ಆದರೆ ಮುಖ ನೋಡದೆ ಸೀಲು ಒತ್ತಿದ ಕಾಗದದ ಮೊದಲ ಸುಳ್ಳು ಕಕ್ಷಿದಾರನದಲ್ಲ, ನೋಟರಿಯದು.

ಆದ್ದರಿಂದ ನಮ್ಮಲ್ಲಿಗೆ ಬರುವವರು ದಯವಿಟ್ಟು ಸ್ವತಃ ಬನ್ನಿ, ಸಹಿ ಹಾಕದೆ ಬನ್ನಿ. ಓದಿ ಹೇಳಿ ಎಂದು ಕೇಳಿ. ಪುರುಸೊತ್ತಿಲ್ಲ ಎನ್ನುವ ನೋಟರಿಯಾದರೆ ಎದ್ದು ಪಕ್ಕದ ಕೋಣೆಗೆ ಹೋಗಿ.